ಎಐ ಕೋಡಿಂಗ್ ಸಹಾಯಕ ಲಾಗಿನ್ ಸರ್ವರ್‌ಗೆ ಕನೆಕ್ಟ್ ಆಗುತ್ತಿಲ್ಲವೇ? ದೋಷ ಹುಡುಕುವ ಕ್ರಮ

ಕ್ಲಾಡ್ ಕೋಡ್, ಕರ್ಸರ್, ವಿಎಸ್ ಕೋಡ್‌ನ ಕೋಪೈಲಟ್ ಇಂಥ ಸಹಾಯಕಗಳನ್ನು ಕೀಕ್ಲೋಕ್, ಆಥ್‌ಝೀರೋ ತರದ ಲಾಗಿನ್ ನಿರ್ವಹಣೆಯ ಸಾಧನಗಳಿಗೆ ಈಗ ನೇರವಾಗಿ ಜೋಡಿಸಬಹುದು. ಹೊಸ ಅಪ್ಲಿಕೇಶನ್ ರಿಜಿಸ್ಟರ್ ಮಾಡು, ಕಾಲ್‌ಬ್ಯಾಕ್ ವಿಳಾಸ (ಲಾಗಿನ್ ಆದ ಮೇಲೆ ಬ್ರೌಸರ್ ಮರಳುವ ಜಾಗ) ಸೇರಿಸು, ನಿನ್ನೆ ಆ ಬಳಕೆದಾರರ ಲಾಗಿನ್ ಯಾಕೆ ಫೇಲ್ ಆಯಿತು ನೋಡು ಎಂದೆಲ್ಲ ಎಡಿಟರ್‌ನಲ್ಲೇ ಕೇಳಬಹುದು. ನಡುವೆ ಕೆಲಸ ಮಾಡುವುದು ಎಂಸಿಪಿ, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್: ಸಹಾಯಕ ಹೊರಗಿನ ಸಾಧನಗಳ ಜೊತೆ ಮಾತಾಡುವ ನಿಯಮಾವಳಿ. ಆಂಥ್ರೋಪಿಕ್ ಕಂಪನಿ ಇದನ್ನು 2024ರ ನವೆಂಬರ್‌ನಲ್ಲಿ ಹೊರತಂದಿತು. ಈಗ ಬಹುತೇಕ ಎಲ್ಲ ಕೋಡಿಂಗ್ ಸಹಾಯಕಗಳೂ ಇದನ್ನು ಬಳಸುತ್ತವೆ.

ಕೆಟ್ಟಾಗ ಮಾತ್ರ ತಲೆನೋವು. ಏನೇ ತಪ್ಪಾಗಿದ್ದರೂ ತೆರೆಯ ಮೇಲೆ ಹೆಚ್ಚಾಗಿ ಬರುವುದು "ಅಥೆಂಟಿಕೇಶನ್ ಫೇಲ್ಡ್" ಎಂಬ ಒಂದೇ ಸಾಲು. ಬೇಸತ್ತವರು ಕೊನೆಗೆ ಪೂರ್ತಿ ಅಡ್ಮಿನ್ ಅಧಿಕಾರವಿರುವ ಟೋಕನ್ನನ್ನೇ (ಪ್ರವೇಶದ ಡಿಜಿಟಲ್ ಚೀಟಿ) ಕಾನ್ಫಿಗ್ ಫೈಲ್‌ಗೆ ಹಾಕಿಬಿಡುತ್ತಾರೆ. ಆಗ ಕನೆಕ್ಷನ್ ಸರಿಹೋಗಲೂಬಹುದು. ಆದರೆ ನಿಮ್ಮ ಎಲ್ಲ ಬಳಕೆದಾರರ ಖಾತೆಗಳನ್ನು ಅಳಿಸುವ ಅಧಿಕಾರ ಒಂದು ಭಾಷಾ ಮಾದರಿಯ ಕೈಗೆ ಹೋಗಿರುತ್ತದೆ. ಅಧಿಕಾರ ಹೆಚ್ಚಿಸಿ ನೋಡುವುದು ಪರೀಕ್ಷೆ ಅಲ್ಲ. ಮೊದಲು ದೋಷ ಎಲ್ಲಿದೆ ಎಂದು ಗೊತ್ತಾಗಬೇಕು. ಈ ಬರಹ ಅದಕ್ಕಾಗಿ.

ಯಾವ ಕೊಂಡಿ ಕಳಚಿದೆ?

ಮನೆಯಲ್ಲಿ ದೀಪ ಹೋದರೆ ಮೊದಲು ಪಕ್ಕದ ಮನೆ ನೋಡುತ್ತೇವೆ, ಆಮೇಲೆ ಮೀಟರ್ ಬೋರ್ಡು, ಬಲ್ಬು ಬಿಚ್ಚುವುದು ಕೊನೆಗೆ. ಇಲ್ಲಿಯೂ ಹಾಗೇ ಮಾಡಬೇಕು. ನೋಡಬೇಕಾದ ಕೊಂಡಿಗಳು ಮೂರು.

ಮೊದಲನೆಯದು ಎಡಿಟರ್ ಮತ್ತು ಎಂಸಿಪಿ ಸರ್ವರ್ (ಸಹಾಯಕದ ಕೋರಿಕೆಯನ್ನು ಲಾಗಿನ್ ಸಾಧನಕ್ಕೆ ತಲುಪಿಸುವ ಪ್ರೋಗ್ರಾಂ) ನಡುವಿನದು. ಸರ್ವರ್ ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತಿರಬಹುದು, ದೂರದಲ್ಲೂ ಇರಬಹುದು. ಎರಡನೆಯದು ಆ ಎಂಸಿಪಿ ಸರ್ವರ್‌ಗೆ ನೀವು ಲಾಗಿನ್ ಆಗುವುದು. ಇದು ಸಾಮಾನ್ಯವಾಗಿ ದೂರದ ಸರ್ವರ್‌ಗೆ ಮಾತ್ರ ಬೇಕು. ಮೂರನೆಯದು ಎಂಸಿಪಿ ಸರ್ವರ್ ತನ್ನ ಟೋಕನ್ ಹಿಡಿದು ಕೀಕ್ಲೋಕ್ ಅಥವಾ ಆಥ್‌ಝೀರೋದ ಅಡ್ಮಿನ್ ಎಪಿಐಗೆ (ಪ್ರೋಗ್ರಾಂಗಳು ಬಳಸುವ ಬಾಗಿಲು) ಹೋಗುವುದು.

ಗುರುತಿಸುವುದು ಕಷ್ಟವೇನಲ್ಲ. ಟೂಲ್‌ಗಳ (ಸರ್ವರ್ ಸಹಾಯಕಕ್ಕೆ ಮಾಡಿಕೊಡುವ ಕೆಲಸಗಳ) ಪಟ್ಟಿಯೇ ಕಾಣುತ್ತಿಲ್ಲ, ಬ್ರೌಸರ್ ಕೂಡ ತೆರೆಯಲಿಲ್ಲ ಅಂದರೆ ಮೊದಲ ಕೊಂಡಿ ನೋಡಿ; ದೂರದ ಸರ್ವರ್ ಆಗಿದ್ದರೆ ಎರಡನೆಯದನ್ನೂ ನೋಡಿ. ಬ್ರೌಸರ್ ತೆರೆದು ಮಧ್ಯದಲ್ಲಿ ನಿಂತಿತು, ಅಥವಾ ಲಾಗಿನ್ ಆದರೂ ಮತ್ತೆ ಮತ್ತೆ ಲಾಗಿನ್ ಕೇಳುತ್ತಿದೆ ಅಂದರೆ ಎರಡನೆಯದು. ಟೂಲ್‌ಗಳೆಲ್ಲ ಕಾಣುತ್ತಿವೆ, ಕರೆದಾಗ ಮಾತ್ರ 401 ಅಥವಾ 403 (ಸರ್ವರ್ ತಡೆದಾಗ ಕೊಡುವ ಎರರ್ ಸಂಖ್ಯೆಗಳು) ಬರುತ್ತಿದೆ ಅಂದರೆ ಮೂರನೆಯದು.

ಎರಡನೇ ಮತ್ತು ಮೂರನೇ ಕೊಂಡಿಯ 401 ಬೇರೆ ಬೇರೆ. ಎರಡನೆಯದರಲ್ಲಿ ಎಂಸಿಪಿ ಸರ್ವರ್ ನಿಮ್ಮ ವಿನಂತಿಯನ್ನೇ ತಿರಸ್ಕರಿಸಿದೆ. ಮೂರನೆಯದರಲ್ಲಿ ಅದು ನಿಮ್ಮನ್ನು ಒಳಗೆ ಬಿಟ್ಟಿದೆ, ಮುಂದಿನ ಬಾಗಿಲಲ್ಲಿ ಅದನ್ನೇ ತಡೆದಿದ್ದಾರೆ. ಸಹಾಯಕ ಎರಡನ್ನೂ ಒಂದೇ ಮಾತಿನಲ್ಲಿ ಹೇಳುತ್ತದೆ. ಹಾಗಾಗಿ ಅದರ ವಿವರಣೆ ನಂಬಿಕೊಂಡು ಕೂರಬೇಡಿ, ಲಾಗ್ ತೆರೆದು ನೋಡಿ. ಇನ್ನೊಂದು ಎಚ್ಚರ: "ಇದನ್ನು ಸರಿಮಾಡು" ಎಂದು ಸಹಾಯಕಕ್ಕೇ ಹೇಳಿದರೆ ಅದು ಕಾನ್ಫಿಗ್ ತಿದ್ದುತ್ತದೆ, ಸ್ಕೋಪ್ (ಟೋಕನ್‌ನ ಅನುಮತಿ ವ್ಯಾಪ್ತಿ) ಸೇರಿಸುತ್ತದೆ, ಒಮ್ಮೊಮ್ಮೆ ಟೋಕನ್ ಪರಿಶೀಲನೆಯ ಕೋಡನ್ನೇ ಸಡಿಲ ಮಾಡುತ್ತದೆ. ದೋಷ ಸಿಗುವವರೆಗೆ ಫೈಲ್ ಬರೆಯುವ ಅನುಮತಿ ಅದಕ್ಕೆ ಕೊಡಬೇಡಿ.

ಎಂಸಿಪಿ ಇನ್‌ಸ್ಪೆಕ್ಟರ್ ಎಂಬ ಸಾಧನ ಎನ್‌ಪಿಎಕ್ಸ್ (ನೋಡ್ ಪ್ಯಾಕೇಜ್‌ಗಳನ್ನು ಓಡಿಸುವ ಆಜ್ಞೆ) ಮೂಲಕವೇ ಓಡುತ್ತದೆ. ಎಡಿಟರನ್ನು ಪಕ್ಕಕ್ಕಿಟ್ಟು ಅದರಿಂದ ಸರ್ವರನ್ನು ಮಾತಾಡಿಸಿ. ಇಲ್ಲಿ ಸರಿಯಾಗಿ ಕೆಲಸ ಮಾಡಿದರೆ ತಪ್ಪು ಎಡಿಟರ್ ಕಡೆಯದು. ಇಲ್ಲೂ ಕೆಟ್ಟರೆ ಮುಂದೆ ಓದಿ.

ಸರ್ವರ್ ಎದ್ದೇ ಇಲ್ಲ

ಈ ಭಾಗದ ದೋಷಗಳು ಸಣ್ಣವು, ಬೇಗ ಸರಿಹೋಗುತ್ತವೆ.

ಕರ್ಸರ್ ಮತ್ತು ಕ್ಲಾಡ್ ಕಾನ್ಫಿಗ್‌ನಲ್ಲಿ ಮೇಲಿನ ಕೀ "ಎಂಸಿಪಿಸರ್ವರ್ಸ್" ಎಂದಿರಬೇಕು. ವಿಎಸ್ ಕೋಡ್‌ನ ಎಂಸಿಪಿ ಜೇಸನ್ ಫೈಲ್‌ನಲ್ಲಿ ಅದು ಬರೀ "ಸರ್ವರ್ಸ್". ಒಂದರಿಂದ ಇನ್ನೊಂದಕ್ಕೆ ಹಾಗೇ ಕಾಪಿ ಮಾಡಿದರೆ ಕೆಲಸ ಮಾಡುವುದಿಲ್ಲ.

ಟರ್ಮಿನಲ್‌ನಲ್ಲಿ ಎನ್‌ಪಿಎಕ್ಸ್ ಓಡುತ್ತದೆ, ಎಡಿಟರ್‌ಗೆ ಮಾತ್ರ ಅದು ಸಿಗುತ್ತಿಲ್ಲವೇ? ಮ್ಯಾಕ್‌ನಲ್ಲಿ ಎನ್‌ವಿಎಂ (ನೋಡ್ ಆವೃತ್ತಿ ಬದಲಿಸುವ ಸಾಧನ) ಬಳಸುವವರಿಗೆ ಇದು ಜಾಸ್ತಿ. ಐಕಾನ್ ಒತ್ತಿ ತೆರೆದ ಎಡಿಟರ್‌ಗೆ ನಿಮ್ಮ ಶೆಲ್‌ನ ಪಾತ್ (ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಗೊತ್ತಿರುವುದಿಲ್ಲ. ಎನ್‌ಪಿಎಕ್ಸ್ ಇರುವ ಪೂರ್ತಿ ವಿಳಾಸ ಕೊಡಿ. ಕ್ಲಾಡ್ ಕೋಡನ್ನು ವಿಂಡೋಸ್‌ನಲ್ಲಿ ನೇರವಾಗಿ ಓಡಿಸುವವರು ಎನ್‌ಪಿಎಕ್ಸ್ ಮುಂದೆ "ಸಿಎಂಡಿ ಸ್ಲ್ಯಾಶ್ ಸಿ" ಸೇರಿಸಬೇಕು.

ಸರ್ವರ್ ಎದ್ದು ಕೂಡಲೇ ಸತ್ತರೆ, ಅಥವಾ ಜೇಸನ್ ಓದಲಾಗಲಿಲ್ಲ ಎಂಬ ಎರರ್ ಬಂದರೆ, ಸ್ಟ್ಯಾಂಡರ್ಡ್ ಔಟ್‌ಪುಟ್ ನೋಡಿ. ಸ್ಥಳೀಯ ಎಂಸಿಪಿ ಸರ್ವರ್ ಆ ದಾರಿಯಲ್ಲೇ ಸಹಾಯಕದ ಜೊತೆ ಮಾತಾಡುತ್ತದೆ. ಅಲ್ಲಿ ಜೇಸನ್-ಆರ್‌ಪಿಸಿ ಸಂದೇಶ ಬಿಟ್ಟು ಬೇರೆ ಒಂದಕ್ಷರವೂ ಬರಬಾರದು. ಕೋಡ್‌ನಲ್ಲಿ ಮರೆತು ಬಿಟ್ಟ ಒಂದು ಪ್ರಿಂಟ್ ಸಾಲು ಸಾಕು, ಎಲ್ಲ ಕೆಡುತ್ತದೆ. ನಿಮ್ಮ ಕೋಡ್‌ನಲ್ಲಿ ಪ್ರಿಂಟ್ ಇಲ್ಲದಿದ್ದರೂ ಲೈಬ್ರರಿ ಬರೆಯಬಹುದು. ಸೆಟ್ಟಿಂಗ್‌ಗಳನ್ನು ಫೈಲ್‌ನಿಂದ ಓದುವ ಡಾಟ್‌ಎನ್ವ್ ಲೈಬ್ರರಿ 17ನೇ ಆವೃತ್ತಿಯಿಂದ ತಾನಾಗಿಯೇ ಒಂದು ಸಾಲು ಬರೆಯುತ್ತದೆ. ಅದಕ್ಕೆ "ಕ್ವೈಟ್" ಆಯ್ಕೆ ಕೊಡಿ. ನಿಮ್ಮ ಲಾಗ್‌ಗಳೆಲ್ಲ ಸ್ಟ್ಯಾಂಡರ್ಡ್ ಎರರ್‌ಗೆ ಹೋಗಲಿ.

ಲಾಗಿನ್ ಮುಗಿಯುತ್ತಲೇ ಇಲ್ಲ

ನಿಜವಾದ ಕಷ್ಟ ಇಲ್ಲಿದೆ. ಕಾರಣ, ಲಾಗಿನ್ ಪುಟ ಕಾಣುವ ಮೊದಲೇ ಹಿಂದೆ ಹಲವು ಹೆಜ್ಜೆಗಳು ನಡೆದಿರುತ್ತವೆ. ಯಾವುದು ತಪ್ಪಿತು ಎಂದು ತೆರೆಯ ಮೇಲೆ ಕಾಣುವುದಿಲ್ಲ. ಆ ಹೆಜ್ಜೆಗಳನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದೆ ಊಹೆ ಮಾಡುವ ಕೆಲಸವೇ ಇರುವುದಿಲ್ಲ.

ಸಹಾಯಕ ಮೊದಲು ಟೋಕನ್ ಇಲ್ಲದೆಯೇ ಎಂಸಿಪಿ ಸರ್ವರ್‌ಗೆ ವಿನಂತಿ ಕಳಿಸುತ್ತದೆ. ಸರ್ವರ್ 401 ಕೊಡಬೇಕು. ಜೊತೆಗೆ "ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಅಥೆಂಟಿಕೇಟ್" ಹೆಡರ್‌ನಲ್ಲಿ ಒಂದು ಮೆಟಾಡೇಟಾ ವಿಳಾಸ ಕೊಡಬೇಕು. ಆ ಮೆಟಾಡೇಟಾ, ಅಂದರೆ ಆರ್‌ಎಫ್‌ಸಿ 9728 ಎಂಬ ಇಂಟರ್ನೆಟ್ ಮಾನದಂಡ ಹೇಳುವ ದಾಖಲೆ, ಲಾಗಿನ್ ಸರ್ವರ್ ಯಾವುದು ಎಂದು ತಿಳಿಸುತ್ತದೆ. ಸಹಾಯಕ ಅಲ್ಲಿಗೆ ಹೋಗಿ ಲಾಗಿನ್ ಸರ್ವರ್‌ನ ಮೆಟಾಡೇಟಾ ಓದುತ್ತದೆ. ತನ್ನನ್ನು ಒಂದು ಕ್ಲೈಂಟ್ (ಲಾಗಿನ್ ಸರ್ವರ್ ಗುರುತಿಸುವ ಅಪ್ಲಿಕೇಶನ್) ಆಗಿ ರಿಜಿಸ್ಟರ್ ಮಾಡಿಕೊಳ್ಳುತ್ತದೆ, ಅಥವಾ ಮೊದಲೇ ಕೊಟ್ಟ ಕ್ಲೈಂಟ್ ಐಡಿ ಬಳಸುತ್ತದೆ. ಬ್ರೌಸರ್ ತೆರೆಯುವುದು ಇಷ್ಟೆಲ್ಲ ಆದ ಮೇಲೆ. ಎಂಸಿಪಿಯ 2025ರ ಜೂನ್ 18ರ ಆವೃತ್ತಿಯಿಂದ ಈ ಕ್ರಮ ಗಟ್ಟಿಯಾಗಿದೆ. ಅದಕ್ಕಿಂತ ಹಳೆಯ ಸರ್ವರ್ ಕೋಡ್ ಇದ್ದರೆ ಮೊದಲು ಅದನ್ನು ಅಪ್‌ಡೇಟ್ ಮಾಡಿ.

ಈಗ ಕರ್ಲ್ (ಟರ್ಮಿನಲ್‌ನಿಂದ ವೆಬ್ ವಿನಂತಿ ಕಳಿಸುವ ಸಾಧನ) ತೆಗೆದುಕೊಂಡು ಇದೇ ಹೆಜ್ಜೆಗಳನ್ನು ಕೈಯಾರೆ ಮಾಡಿ.

ಟೋಕನ್ ಇಲ್ಲದ ವಿನಂತಿಗೆ 401 ಬದಲು 302 ಬಂತೇ? ಮುಂದೆ ಕೂತಿರುವ ಪ್ರಾಕ್ಸಿ (ವಿನಂತಿಗಳನ್ನು ಮೊದಲು ಪಡೆಯುವ ಸರ್ವರ್) ನಿಮ್ಮನ್ನು ಲಾಗಿನ್ ಪುಟಕ್ಕೆ ತಳ್ಳುತ್ತಿದೆ. ಬ್ರೌಸರ್‌ಗೆ ಅದು ಸರಿ, ಸಹಾಯಕಕ್ಕೆ ಆ ಪುಟ ಓದಲು ಬರುವುದಿಲ್ಲ. ಎಂಸಿಪಿ ಹಾದಿಗೂ ಮೆಟಾಡೇಟಾ ಇರುವ ಡಾಟ್ ವೆಲ್‌ನೋನ್ ಹಾದಿಗೂ ಆ ಪ್ರಾಕ್ಸಿಯಿಂದ ವಿನಾಯಿತಿ ಕೊಡಿ. ಟೋಕನ್ ಪರಿಶೀಲನೆ ಎಂಸಿಪಿ ಸರ್ವರ್ ಮಾಡಲಿ. 401 ಬಂತು, ಹೆಡರ್ ಮಾತ್ರ ಇಲ್ಲ ಅಂದರೆ ಆ 401 ನಿಮ್ಮ ಸರ್ವರ್‌ನದೋ ಗೇಟ್‌ವೇಯದೋ ನೋಡಿ. ಸರ್ವರ್ ಲಾಗ್‌ನಲ್ಲಿ ವಿನಂತಿ ದಾಖಲಾಗದಿದ್ದರೆ ಅದು ಗೇಟ್‌ವೇಯದು.

ಮುಂದಿನದು ಕೀಕ್ಲೋಕ್ ಬಳಸುವವರು ಗಮನವಿಟ್ಟು ಓದಬೇಕಾದದ್ದು. ಕೀಕ್ಲೋಕ್‌ನಲ್ಲಿ ಪ್ರತಿ ರೆಲ್ಮ್‌ಗೂ (ಬಳಕೆದಾರರು ಮತ್ತು ಕ್ಲೈಂಟ್‌ಗಳ ಪ್ರತ್ಯೇಕ ವಲಯ) ಒಂದು ಹಾದಿ ಇದೆ: ಹೋಸ್ಟ್, ಆಮೇಲೆ "ರೆಲ್ಮ್ಸ್", ಆಮೇಲೆ ರೆಲ್ಮ್ ಹೆಸರು. ಓಪನ್‌ಐಡಿ ಕನೆಕ್ಟ್ ಎಂಬ ಲಾಗಿನ್ ಮಾನದಂಡದ ಕ್ರಮದಲ್ಲಿ ಡಾಟ್ ವೆಲ್‌ನೋನ್ ಈ ಹಾದಿಯ ಕೊನೆಗೆ ಬರುತ್ತದೆ. ಆರ್‌ಎಫ್‌ಸಿ 8414ರ ಕ್ರಮದಲ್ಲಿ ಅದು ಹೋಸ್ಟ್ ಹೆಸರಿನ ಕೂಡಲೇ ಬರುತ್ತದೆ, ರೆಲ್ಮ್ ಹಾದಿ ಅದರ ನಂತರ. 2025ರ ಜೂನ್ ಆವೃತ್ತಿ ಪಾಲಿಸುವ ಸಹಾಯಕ ಎರಡನೇ ಕ್ರಮದಲ್ಲಿ ಹುಡುಕುತ್ತದೆ. ನಿಮ್ಮ ಎನ್‌ಜಿಂಕ್ಸ್ ಪ್ರಾಕ್ಸಿ "ರೆಲ್ಮ್ಸ್" ಹಾದಿಯನ್ನು ಮಾತ್ರ ಕೀಕ್ಲೋಕ್‌ಗೆ ಕಳಿಸುತ್ತಿದ್ದರೆ ಸಹಾಯಕಕ್ಕೆ 404 (ಅಂಥ ಪುಟ ಇಲ್ಲ) ಸಿಗುತ್ತದೆ. ಬ್ರೌಸರ್‌ನಲ್ಲಿ ನೀವು ಓಪನ್‌ಐಡಿ ವಿಳಾಸ ತೆರೆದು ನೋಡಿದಾಗ ಮಾತ್ರ ಎಲ್ಲ ಸರಿಯಾಗೇ ಕಾಣುತ್ತದೆ. ಅದಕ್ಕೇ ಈ ದೋಷ ಜನರನ್ನು ಅಷ್ಟೊಂದು ಸುತ್ತಿಸುತ್ತದೆ. ಎರಡೂ ವಿಳಾಸಗಳನ್ನು ಕರ್ಲ್‌ನಲ್ಲಿ ತೆರೆದು ನೋಡಿ. ಒಂದಕ್ಕೆ 404 ಬಂದರೆ ಪ್ರಾಕ್ಸಿಯಲ್ಲಿ ಆ ಹಾದಿಯನ್ನು ರೆಲ್ಮ್‌ನ ಮೆಟಾಡೇಟಾಗೆ ತಿರುಗಿಸುವ ಒಂದು ನಿಯಮ ಸೇರಿಸಿ. 2025ರ ನವೆಂಬರ್ ಆವೃತ್ತಿಯಲ್ಲಿ ಓಪನ್‌ಐಡಿ ಕ್ರಮವನ್ನೂ ಸೇರಿಸಿದ್ದಾರೆ. ಹೊಸ ಸಹಾಯಕಗಳಲ್ಲಿ ಈ ತೊಂದರೆ ಕಡಿಮೆಯಾಗಬೇಕು.

ರಿಜಿಸ್ಟ್ರೇಶನ್ ಹೆಜ್ಜೆಯಲ್ಲಿ 403 ಬಂದರೆ ಗಾಬರಿ ಬೇಡ. ಕೀಕ್ಲೋಕ್ ತನ್ನ ಡೀಫಾಲ್ಟ್ ಸೆಟ್ಟಿಂಗ್‌ನಲ್ಲೇ ಅಪರಿಚಿತ ಹೋಸ್ಟ್‌ಗಳಿಂದ ಬರುವ ರಿಜಿಸ್ಟ್ರೇಶನ್ ತಡೆಯುತ್ತದೆ. "ಟ್ರಸ್ಟೆಡ್ ಹೋಸ್ಟ್ಸ್" ಎಂಬ ನೀತಿ ಅದಕ್ಕಾಗಿಯೇ ಇದೆ. ಅದನ್ನು ಅಳಿಸಿದರೆ ಯಾರು ಬೇಕಾದರೂ ನಿಮ್ಮ ರೆಲ್ಮ್‌ನಲ್ಲಿ ಕ್ಲೈಂಟ್ ಮಾಡಿಕೊಳ್ಳಬಹುದು. ಅಳಿಸಬೇಡಿ. ಅಡ್ಮಿನ್ ಪುಟದಲ್ಲಿ ನೀವೇ ಒಂದು ಪಬ್ಲಿಕ್ (ಸೀಕ್ರೆಟ್ ಇಲ್ಲದ) ಕ್ಲೈಂಟ್ ಮಾಡಿ, ಪಿಕೆಸಿಇ (ಕದ್ದ ಲಾಗಿನ್ ಕೋಡ್ ಬಳಸದಂತೆ ತಡೆಯುವ ಕ್ರಮ) ಕಡ್ಡಾಯ ಮಾಡಿ, ವಿಧಾನ ಎಸ್256 ಇರಲಿ, ಆ ಕ್ಲೈಂಟ್ ಐಡಿಯನ್ನು ಸಹಾಯಕದ ಕಾನ್ಫಿಗ್‌ಗೆ ಕೊಡಿ. ಆಥ್‌ಝೀರೋದಲ್ಲೂ ಈ ರಿಜಿಸ್ಟ್ರೇಶನ್ ಮೊದಲು ಆಫ್ ಆಗಿಯೇ ಇರುತ್ತದೆ. ಆನ್ ಮಾಡಿದ ಮೇಲೆ ಅಲ್ಲಿ ಇನ್ನೊಂದು ಅಡಚಣೆ ಸಿಗಬಹುದು. ಹಾಗೆ ರಿಜಿಸ್ಟರ್ ಆದ ಕ್ಲೈಂಟನ್ನು ಅದು ಹೊರಗಿನವರ ಅಪ್ಲಿಕೇಶನ್ ಎಂದು ಲೆಕ್ಕ ಹಾಕುತ್ತದೆ. ಡೊಮೈನ್ ಮಟ್ಟಕ್ಕೆ ಏರಿಸಿದ ಕನೆಕ್ಷನ್‌ಗಳು (ಬಳಕೆದಾರರ ಲಾಗಿನ್ ಮೂಲಗಳು) ಮಾತ್ರ ಅದಕ್ಕೆ ಸಿಗುತ್ತವೆ. ಅದನ್ನು ಮಾಡದಿದ್ದರೆ ರಿಜಿಸ್ಟ್ರೇಶನ್ ಸರಿಯಾಗಿ ಆಗಿದ್ದರೂ ಲಾಗಿನ್ ಆಗಲು ದಾರಿ ಇರುವುದಿಲ್ಲ.

ಲಾಗಿನ್ ಆಯಿತು, ಬ್ರೌಸರ್ ವಾಪಸ್ ಬರುವಾಗ ನಿಂತಿತು ಅಂದರೆ ಕಾಲ್‌ಬ್ಯಾಕ್ ವಿಳಾಸ ನೋಡಿ. ಲೋಕಲ್‌ಹೋಸ್ಟ್ ಮತ್ತು 127.0.0.1 ಹೋಗುವುದು ಒಂದೇ ಕಡೆಗೆ, ಆದರೆ ಲಾಗಿನ್ ಸರ್ವರ್‌ಗೆ ಅವು ಎರಡು ಬೇರೆ ವಿಳಾಸಗಳು. ಪೋರ್ಟ್ ಪ್ರತಿ ಸಲ ಬದಲಾಗುತ್ತಿದ್ದರೆ ಸಹಾಯಕದಲ್ಲಿ ಒಂದು ನಿಗದಿತ ಪೋರ್ಟ್ ಆರಿಸಿ. ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದರೆ, ಅಥವಾ ಕಂಟೇನರ್ ಒಳಗಿದ್ದರೆ, ಸಹಾಯಕ ಕಾಯುತ್ತಿರುವುದು ಅಲ್ಲಿ, ಬ್ರೌಸರ್ ಬಂದು ಬಡಿಯುವುದು ನಿಮ್ಮ ಲ್ಯಾಪ್‌ಟಾಪ್‌ನ ಪೋರ್ಟ್‌ಗೆ. ಆ ಪೋರ್ಟನ್ನು ಫಾರ್ವರ್ಡ್ ಮಾಡಿದರೆ ಸಮಸ್ಯೆ ಮುಗಿಯಿತು.

ಟೋಕನ್ ಸಿಕ್ಕರೂ ಮತ್ತೆ 401

ಇದು ಅತಿ ಹೆಚ್ಚು ಸಮಯ ತಿನ್ನುವ ದೋಷ. ಲಾಗಿನ್ ಯಶಸ್ವಿ, ಟೋಕನ್ ಬಂದಿದೆ, ಎಂಸಿಪಿ ಸರ್ವರ್ ಅದನ್ನು ಒಪ್ಪುತ್ತಿಲ್ಲ. ಸಹಾಯಕ ಮತ್ತೆ ಲಾಗಿನ್‌ಗೆ ಕಳಿಸುತ್ತದೆ. ಬ್ರೌಸರ್‌ನಲ್ಲಿ ಸೆಷನ್ ಇರುವುದರಿಂದ ಕ್ಷಣದಲ್ಲಿ ವಾಪಸ್. ಸುತ್ತಾಟ ನಿಲ್ಲುವುದಿಲ್ಲ.

ಟೋಕನ್ನನ್ನು ಬಿಡಿಸಿ ನೋಡಿ. ನಿಮ್ಮ ಕಂಪ್ಯೂಟರಿನಲ್ಲೇ ಒಂದು ಸಣ್ಣ ಸ್ಕ್ರಿಪ್ಟ್‌ನಿಂದ ಬೇಸ್64 ಬಿಡಿಸಿದರೆ ಸಾಕು. ಸಿಕ್ಕ ಸಿಕ್ಕ ವೆಬ್‌ಸೈಟಿಗೆ ಹಾಕಬೇಡಿ, ಸಹಾಯಕದ ಚಾಟ್‌ಗೂ ಅಂಟಿಸಬೇಡಿ. ಅವಧಿ ಮುಗಿಯುವವರೆಗೆ ಟೋಕನ್ ಅಂದರೆ ಪಾಸ್‌ವರ್ಡೇ ಅಲ್ವಾ?

ಮೊದಲು ಚುಕ್ಕಿ ಎಣಿಸಿ. ಎರಡು ಚುಕ್ಕಿ, ಮೂರು ತುಂಡು ಇದ್ದರೆ ಅದು ಸಹಿ ಮಾಡಿದ ಸಾಮಾನ್ಯ ಜೆಡಬ್ಲ್ಯೂಟಿ (ಜೇಸನ್ ವೆಬ್ ಟೋಕನ್). ನಾಲ್ಕು ಚುಕ್ಕಿ ಇದ್ದರೆ ಅದು ಎನ್‌ಕ್ರಿಪ್ಟ್ ಆಗಿದೆ, ನಿಮ್ಮ ಎಂಸಿಪಿ ಸರ್ವರ್‌ಗೆ ಓದಲು ಬರುವುದಿಲ್ಲ. ಆಥ್‌ಝೀರೋಗೆ ಆಡಿಯನ್ಸ್ (ಟೋಕನ್ ಯಾರಿಗಾಗಿ ಎಂಬುದು) ತಿಳಿಸದೆ ಟೋಕನ್ ಕೇಳಿದಾಗ ಹೀಗಾಗುತ್ತದೆ.

ಆಮೇಲೆ "ಎಯುಡಿ" ನೋಡಿ. ಇದು ಟೋಕನ್ ಯಾರಿಗಾಗಿ ಎಂದು ಹೇಳುವ ಜಾಗ. ಅಲ್ಲಿ ನಿಮ್ಮ ಎಂಸಿಪಿ ಸರ್ವರ್‌ನ ವಿಳಾಸವೇ ಇರಬೇಕು. ಕೀಕ್ಲೋಕ್‌ನಲ್ಲಿ ಅದು ಬರುತ್ತಿಲ್ಲವಾದರೆ ಒಂದು ಕ್ಲೈಂಟ್ ಸ್ಕೋಪ್ ಮಾಡಿ, ಅದಕ್ಕೆ ಆಡಿಯನ್ಸ್ ಮ್ಯಾಪರ್ ಸೇರಿಸಿ, ವಿಳಾಸವನ್ನು ಅಲ್ಲಿ ಬರೆಯಿರಿ. ಕೆಲವರು ಎಂಸಿಪಿ ಸರ್ವರ್‌ನಲ್ಲಿ ಆಡಿಯನ್ಸ್ ಪರಿಶೀಲನೆಯನ್ನೇ ಆಫ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ರೆಲ್ಮ್‌ನ ಯಾವುದೋ ಸಣ್ಣ ಅಪ್ಲಿಕೇಶನ್‌ಗೆ ಕೊಟ್ಟ ಟೋಕನ್ ಕೂಡ ಆಗ ನಿಮ್ಮ ಬಳಕೆದಾರರ ನಿರ್ವಹಣೆಗೆ ಬೀಗದ ಕೈ ಆಗುತ್ತದೆ.

ಟೋಕನ್ ಕೊಟ್ಟವರು ಯಾರು ಎಂದು ಹೇಳುವ "ಐಎಸ್ಎಸ್" ನಿಮ್ಮ ಸೆಟ್ಟಿಂಗ್‌ಗೆ ಅಕ್ಷರಕ್ಕಕ್ಷರ ಹೊಂದಬೇಕು. ಆಥ್‌ಝೀರೋ ಟೋಕನ್‌ನಲ್ಲಿ ಅದರ ಕೊನೆಗೆ ಒಂದು ಓರೆಗೆರೆ ಇರುತ್ತದೆ. ನಿಮ್ಮ ಸೆಟ್ಟಿಂಗ್‌ನಲ್ಲಿ ಅದಿಲ್ಲದಿದ್ದರೆ 401. ಕೀಕ್ಲೋಕ್ ಡಾಕರ್‌ನಲ್ಲಿದ್ದರೆ ಒಳಗಿನ ಹೆಸರು ಒಂದು, ಹೊರಗಿನ ಹೆಸರು ಇನ್ನೊಂದು. ಟೋಕನ್‌ನಲ್ಲಿ ಯಾವುದಿದೆ, ಎಂಸಿಪಿ ಸರ್ವರ್ ಯಾವುದನ್ನು ನಿರೀಕ್ಷಿಸುತ್ತಿದೆ, ಪಕ್ಕಪಕ್ಕ ಇಟ್ಟು ನೋಡಿ.

ಎಲ್ಲ ಹೊಂದಿದರೂ ಆಗುತ್ತಿಲ್ಲವೇ? ಗಡಿಯಾರ ನೋಡಿ. ಲ್ಯಾಪ್‌ಟಾಪ್ ಮುಚ್ಚಿ ತೆರೆದ ಮೇಲೆ ಡಬ್ಲ್ಯೂಎಸ್ಎಲ್ (ವಿಂಡೋಸ್‌ನೊಳಗಿನ ಲಿನಕ್ಸ್) ಒಳಗಿನ ಸಮಯ ಹಿಂದೆ ಬೀಳುವುದುಂಟು. ಆಗ ಈಗಷ್ಟೇ ಕೊಟ್ಟ ಟೋಕನ್ ಕೂಡ ಮುಂದಿನ ಕಾಲದ್ದು ಎಂದು ತಿರಸ್ಕಾರವಾಗುತ್ತದೆ.

ಎಂಸಿಪಿ-ರಿಮೋಟ್ ಎಂಬ ಸೇತುವೆ ಪ್ಯಾಕೇಜ್ ಬಳಸುತ್ತಿದ್ದರೆ ಅದು ಹಳೆಯ ಟೋಕನ್‌ಗಳನ್ನೂ ಕ್ಲೈಂಟ್ ವಿವರಗಳನ್ನೂ ನಿಮ್ಮ ಹೋಮ್ ಫೋಲ್ಡರ್‌ನ "ಡಾಟ್ ಎಂಸಿಪಿ-ಆಥ್" ಫೋಲ್ಡರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಲಾಗಿನ್ ಸರ್ವರ್‌ನಲ್ಲಿ ನೀವು ಏನು ಬದಲಿಸಿದರೂ ಪರಿಣಾಮ ಕಾಣುತ್ತಿಲ್ಲವಾದರೆ ಆ ಫೋಲ್ಡರ್ ಅಳಿಸಿ ಮತ್ತೆ ಶುರು ಮಾಡಿ. ಹಾಗೇ ಆವೃತ್ತಿಯನ್ನೂ ನೋಡಿ. 0.1.16ಕ್ಕಿಂತ ಹಳೆಯದಿದ್ದರೆ ಈಗಲೇ ಬದಲಿಸಿ. 2025ರಲ್ಲಿ ಬಯಲಾದ ಸಿವಿಇ-2025-6514 ಎಂಬ ದೋಷದಿಂದ, ಕೆಟ್ಟ ಉದ್ದೇಶದ ಎಂಸಿಪಿ ಸರ್ವರ್ ನಿಮ್ಮ ಯಂತ್ರದಲ್ಲಿ ತನಗೆ ಬೇಕಾದ ಆಜ್ಞೆ ಓಡಿಸಬಹುದಿತ್ತು.

ಟೂಲ್ ಕಾಣುತ್ತಿದೆ, ಕರೆದರೆ ಎರರ್

ಇಲ್ಲಿ 401 ಅಂದರೆ "ನೀನು ಯಾರು ಗೊತ್ತಿಲ್ಲ". 403 ಅಂದರೆ "ಗೊತ್ತು, ಆದರೆ ಈ ಕೆಲಸಕ್ಕೆ ಅನುಮತಿ ಇಲ್ಲ". ಎರಡಕ್ಕೂ ಔಷಧ ಬೇರೆ.

ಮೊದಲು ಐದು ನಿಮಿಷ ಚೆನ್ನಾಗಿ ಓಡಿ ಆಮೇಲೆ 401 ಬರುತ್ತಿದ್ದರೆ ಊಹಿಸಬೇಕಾಗಿಯೇ ಇಲ್ಲ. ಕೀಕ್ಲೋಕ್‌ನ ಆಕ್ಸೆಸ್ ಟೋಕನ್ ಡೀಫಾಲ್ಟ್ ಆಗಿ ಐದು ನಿಮಿಷದ್ದು. ಎಂಸಿಪಿ ಸರ್ವರ್ ಒಮ್ಮೆ ಟೋಕನ್ ತಂದು ಅದನ್ನೇ ಹಿಡಿದು ಕೂತಿದೆ. ಟೋಕನ್ ಅವಧಿಯನ್ನು ಒಂದು ದಿನಕ್ಕೆ ಏರಿಸಿದರೆ ದೋಷ ಮರೆಯಾಗುತ್ತದೆ, ಹೋಗುವುದಿಲ್ಲ. ಅವಧಿ ಮುಗಿಯುವ ಸ್ವಲ್ಪ ಮೊದಲು ಹೊಸ ಟೋಕನ್ ತರುವಂತೆ ಸರ್ವರ್ ಕೋಡ್ ತಿದ್ದಿ.

404 ಬಂದರೆ ವಿಳಾಸ ನೋಡಿ. ಕೀಕ್ಲೋಕ್ 17ರಿಂದ ಹಾದಿಯ ಮೊದಲಿನ "ಆಥ್" ತುಂಡು ಹೋಗಿದೆ. ಹಳೆಯ ಉದಾಹರಣೆ ನೋಡಿ ಬರೆದ ಎಂಸಿಪಿ ಸರ್ವರ್‌ಗಳಲ್ಲಿ ಅದು ಇನ್ನೂ ಉಳಿದಿರುತ್ತದೆ. ಆಥ್‌ಝೀರೋದಲ್ಲಿ ಮ್ಯಾನೇಜ್‌ಮೆಂಟ್ ಎಪಿಐ ಟೋಕನ್‌ಗೆ ಆಡಿಯನ್ಸ್ ಆಗಿ ನಿಮ್ಮ ಮೂಲ ಟೆನೆಂಟ್ (ಆಥ್‌ಝೀರೋದಲ್ಲಿ ನಿಮ್ಮ ಖಾತೆಯ ಜಾಗ) ಡೊಮೈನಿನ ಎಪಿಐ ವಿಳಾಸವನ್ನೇ ಕೊಡಬೇಕು, ಕಸ್ಟಮ್ ಡೊಮೈನ್ ನಡೆಯುವುದಿಲ್ಲ.

403 ಬಂದರೆ ಕೀಕ್ಲೋಕ್‌ನಲ್ಲಿ ಆ ಕ್ಲೈಂಟ್‌ನ ಸರ್ವಿಸ್ ಅಕೌಂಟ್ (ಮನುಷ್ಯರ ಬದಲು ಪ್ರೋಗ್ರಾಂ ಬಳಸುವ ಖಾತೆ) ರೋಲ್‌ಗಳನ್ನು ನೋಡಿ. "ರೆಲ್ಮ್-ಮ್ಯಾನೇಜ್‌ಮೆಂಟ್" ಅಡಿಯಲ್ಲಿ ಬಿಡಿಬಿಡಿ ರೋಲ್‌ಗಳಿವೆ. ಬಳಕೆದಾರರನ್ನು ನೋಡಲು "ವ್ಯೂ-ಯೂಸರ್ಸ್", ಬದಲಿಸಲು "ಮ್ಯಾನೇಜ್-ಯೂಸರ್ಸ್", ಲಾಗಿನ್ ಘಟನೆಗಳನ್ನು ಓದಲು "ವ್ಯೂ-ಇವೆಂಟ್ಸ್". ಬೇಕಾದ ಒಂದನ್ನೇ ಕೊಟ್ಟು ಅದೇ ಟೂಲನ್ನು ಮತ್ತೆ ಕರೆಯಿರಿ. "ರೆಲ್ಮ್-ಅಡ್ಮಿನ್" ಅಲ್ಲೇ ಇದೆ, ಒಂದು ಕ್ಲಿಕ್‌ನಲ್ಲಿ ಎಲ್ಲ ಸರಿಹೋಗುತ್ತದೆ, ನಿಜ. ಅದನ್ನು ಮುಟ್ಟಬೇಡಿ. ರೋಲ್ ಕೊಟ್ಟ ಮೇಲೂ 403 ಬಂದರೆ ಹೊಸ ಟೋಕನ್ ತೆಗೆದುಕೊಂಡಿದ್ದೀರಾ ನೋಡಿ, ಆಮೇಲೆ ಆ ಕ್ಲೈಂಟ್‌ನಲ್ಲಿ "ಫುಲ್ ಸ್ಕೋಪ್ ಅಲೌಡ್" ಆಫ್ ಇದೆಯೇ ನೋಡಿ. ಆಫ್ ಇದ್ದರೆ ಅಕೌಂಟ್‌ಗೆ ರೋಲ್ ಇದ್ದರೂ ಟೋಕನ್‌ಗೆ ಬರುವುದಿಲ್ಲ. ಆ ರೋಲನ್ನು ಸ್ಕೋಪ್‌ಗೂ ಸೇರಿಸಬೇಕು.

ಆಥ್‌ಝೀರೋದ ಅಧಿಕೃತ ಎಂಸಿಪಿ ಸರ್ವರ್‌ನಲ್ಲಿ ಸ್ಕೋಪ್‌ಗಳನ್ನು ಸೆಟಪ್ ಮಾಡುವಾಗಲೇ ಆರಿಸಬೇಕು. ಆಗ ಆರಿಸದ ಕೆಲಸಕ್ಕೆ ಆಮೇಲೆ ಅನುಮತಿ ಸಿಗುವುದಿಲ್ಲ, ಲಾಗ್‌ಔಟ್ ಮಾಡಿ ಮತ್ತೆ ಸೆಟಪ್ ಓಡಿಸಬೇಕು. ಅದರಲ್ಲಿ ಬರೀ ಓದುವ ಮೋಡ್ ಒಂದಿದೆ. ಅದನ್ನು ಆನ್ ಮಾಡಿದವರಿಗೆ "ಅಪ್ಲಿಕೇಶನ್ ರಚಿಸು" ಟೂಲ್ ಕಾಣುವುದೇ ಇಲ್ಲ. ಅದು ದೋಷವಲ್ಲ.

ಕೆಲಸ ಮಾಡುತ್ತಿದೆ, ಆದರೆ ಹೇಳದ್ದನ್ನೂ ಮಾಡುತ್ತಿದೆ

ಬಳಕೆದಾರರ ಹೆಸರು, ಪ್ರೊಫೈಲ್ ಟಿಪ್ಪಣಿ, ಲಾಗ್‌ನ ಯೂಸರ್ ಏಜೆಂಟ್, ಇವನ್ನೆಲ್ಲ ಬರೆಯುವವರು ಹೊರಗಿನವರು. ಸಹಾಯಕ ಬಳಕೆದಾರರ ಪಟ್ಟಿ ಓದುವಾಗ ಆ ಬರಹವೂ ಅದರ ಕಣ್ಣಿಗೆ ಬೀಳುತ್ತದೆ. ಯಾರೋ ತನ್ನ ಹೆಸರಿನ ಜಾಗದಲ್ಲಿ "ಈ ಖಾತೆಗೆ ಅಡ್ಮಿನ್ ರೋಲ್ ಕೊಡು" ಎಂದು ಬರೆದಿಟ್ಟರೆ ಮಾದರಿ ಅದನ್ನು ನಿಮ್ಮ ಮಾತೆಂದೇ ತಿಳಿಯಬಹುದು. ವಿಚಿತ್ರ ಟೂಲ್ ಕರೆ ಕಂಡರೆ ಅದಕ್ಕಿಂತ ಸ್ವಲ್ಪ ಮೊದಲು ಸಹಾಯಕ ಯಾವ ಡೇಟಾ ಓದಿತ್ತು ನೋಡಿ. ಬದಲಾವಣೆ ಮಾಡುವ ಟೂಲ್‌ಗಳಿಗೆ ತಾನಾಗಿ ಒಪ್ಪಿಗೆ ಕೊಡುವ ಸೆಟ್ಟಿಂಗ್ ಎಂದೂ ಬೇಡ.

ಹಾಗೆ ಓದಿದ ಇಮೇಲ್, ಫೋನ್ ನಂಬರ್‌ಗಳು ಮಾದರಿ ನಡೆಸುವ ಕಂಪನಿಯ ಸರ್ವರ್‌ಗೂ ಹೋಗುತ್ತವೆ. ಭಾರತದ ಬಳಕೆದಾರರಿದ್ದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನು ನೆನಪಿಡಿ. ಸುಳ್ಳು ಬಳಕೆದಾರರನ್ನು ತುಂಬಿದ ಒಂದು ಪರೀಕ್ಷಾ ರೆಲ್ಮ್ ಮಾಡಿ, ಸಹಾಯಕಕ್ಕೆ ಅದನ್ನಷ್ಟೇ ತೋರಿಸಿ.

ಸರಿಯಾದ ಮೇಲೆ

ದೋಷ ಸಿಕ್ಕಿತು ಎಂದು ಎದ್ದು ಹೋಗಬೇಡಿ. ಹುಡುಕುವಾಗ ಬಿದ್ದ ಕಸ ಲಾಗಿನ್ ಸರ್ವರ್‌ನಲ್ಲಿ ಉಳಿದಿರುತ್ತದೆ. ರಿಜಿಸ್ಟ್ರೇಶನ್ ಆನ್ ಇದ್ದಾಗ ಹಲವು ಸಲ ಪ್ರಯತ್ನ ಮಾಡಿದ್ದರೆ ಕ್ಲೈಂಟ್ ಪಟ್ಟಿಯಲ್ಲಿ ಒಂದೇ ಹೆಸರಿನವು ಸಾಲಾಗಿ ನಿಂತಿರುತ್ತವೆ. ಬಳಕೆಯಲ್ಲಿರುವ ಒಂದನ್ನು ಬಿಟ್ಟು ಉಳಿದವನ್ನು ಅಳಿಸಿ. ಪರೀಕ್ಷೆಗೆ ಕೊಟ್ಟ ಹೆಚ್ಚುವರಿ ರೋಲ್‌ಗಳನ್ನು ತೆಗೆಯಿರಿ. ಡಿಬಗ್ ಲಾಗ್‌ನಲ್ಲಿ ಪೂರ್ತಿ ಟೋಕನ್ ಬರೆಯುವ ಸೆಟ್ಟಿಂಗ್ ಆಫ್ ಮಾಡಿ, ಹಳೆಯ ಲಾಗ್ ಅಳಿಸಿ. ಕ್ಲೈಂಟ್ ಸೀಕ್ರೆಟ್ ಯಾವುದಾದರೂ ಚಾಟ್‌ಗೆ, ಟರ್ಮಿನಲ್ ಹಿಸ್ಟರಿಗೆ ಅಥವಾ ಗಿಟ್ ಕಮಿಟ್‌ಗೆ ಹೋಗಿದ್ದರೆ ಅದನ್ನು ಬದಲಿಸಿ. ಪ್ರಾಜೆಕ್ಟ್ ಫೋಲ್ಡರ್‌ನ ಎಂಸಿಪಿ ಜೇಸನ್ ಫೈಲ್ ಗಿಟ್‌ಗೆ ಹೋಗುವುದು ಸಾಮಾನ್ಯ. ಹಾಗಾಗಿ ಸೀಕ್ರೆಟನ್ನು ಅದರಲ್ಲಿ ನೇರವಾಗಿ ಬರೆಯದೆ ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ ತೆಗೆದುಕೊಳ್ಳುವಂತೆ ಮಾಡಿ. ಕೊನೆಗೆ ಅಳಿಸಿದ ಹಳೆಯ ಕ್ಲೈಂಟ್‌ನ ಐಡಿ ಬಳಸಿ ಒಮ್ಮೆ ಲಾಗಿನ್ ಆಗಲು ನೋಡಿ. ಅದು ಫೇಲ್ ಆಗಬೇಕು.